ಮೊಬೈಲಿನ ಅಆಇಈ, ನಮ್ಮ ಮನೆಯ ಉಳ್ಳಾಗಡ್ಡಿ

ಜೂನ್ ಬಂತೆಂದರೆ ನಮ್ಮ ಝೆರಾಕ್ಸ್ ಅಂಗಡಿಗೆ ಎರಡು ಥರದ ಗಿರಾಕಿಗಳು. ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಕಾರ್ಡು, ಪಾಸ್‌ಪೋರ್ಟ್ ಸೈಜಿನ ಫೋಟೋ ಎಂದು ಬರುವವರು ಒಂದು ಥರ. ಮೊಬೈಲ್ ಮುಂದೆ ಹಿಡಿದು, "ಅಕ್ಕಾರ, ವಾಟ್ಸ್ಯಾಪ್‌ನ್ಯಾಗ ಅಆಇಈ ಬಂದಾವ, ಕಲರ್ ಪ್ರಿಂಟ್ ತಗದು ಕೊಡ್ರಿ, ಹುಡುಗನ್ನ ಸಾಲಿಗೆ ಹಚ್ಚೋದೈತಿ" ಎನ್ನುವವರು ಇನ್ನೊಂದು ಥರ. ಕಲರ್ ಹಾಳೆಗೆ ಹತ್ತು ರೂಪಾಯಿ. ವ್ಯಾಪಾರದ ಲೆಕ್ಕ ನೋಡಿದರೆ ನಾನು ಬಾಯಿ ಮುಚ್ಚಿಕೊಂಡು ಪ್ರಿಂಟ್ ಕೊಡಬೇಕು. ಆದರೆ ಐದು ತುಂಬಿದ ಮಗ ಕೌಂಟರಿನ ಕೆಳಗೇ ಕೂತು ಅಕ್ಷರ ಕಲಿಯುತ್ತಿರುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಈ ಹಾಳಿ ಬ್ಯಾಡ್ರಿ, ಇದರಾಗ ತಪ್ಪದಾವ" ಅಂದುಬಿಡುತ್ತೇನೆ. ನಮ್ಮ ಮನೆಯವರಿಗೆ ಈ ನನ್ನ ಚಟ ಅಷ್ಟು ಸೇರುವುದಿಲ್ಲ.

ತಪ್ಪು ಅಂದರೆ ಕಾಗುಣಿತದ ತಪ್ಪಲ್ಲ, ಅದಕ್ಕಿಂತ ಕೆಳಗಿನದು. ಯಾರೋ ಇಂಗ್ಲಿಷ್ ಎಬಿಸಿಡಿ ಹಾಳೆಯ ಚೌಕಟ್ಟು ಇಟ್ಟುಕೊಂಡು ಅದರೊಳಗೆ ಕನ್ನಡ ಕೂಡಿಸಿರುತ್ತಾರೆ. ಹಳೆಯ ಡಿಸೈನ್ ಸಾಫ್ಟ್‌ವೇರುಗಳಿಗೆ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಲು ಬರುವುದಿಲ್ಲ. ಅಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಬಿದ್ದಿರುತ್ತದೆ. ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತುಬಿಡುತ್ತದೆ. 'ಅಕ್ಕ' ಬರೆಯಲು ಹೋದವರ ಹಾಳೆಯಲ್ಲಿ ಅ, ಅರ್ಧ ಕ್, ಮತ್ತೊಂದು ಕ ಸಾಲಾಗಿ ಕೂತಿರುತ್ತವೆ. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರಂತೂ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಓದು ಬಲ್ಲವರ ಕಣ್ಣು ಇಂಥದ್ದನ್ನು ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಅಪ್ಪ-ಅವ್ವಂದಿರಿಗೆ ತಪ್ಪು ಕಾಣದಿರುವುದು ಅದಕ್ಕೇ. ಮಗುವಿಗೆ ಮಾತ್ರ ಆ ಹಾಳೆಯಲ್ಲಿ ಇದ್ದದ್ದೇ ಕನ್ನಡ.

ಹಾಳೆ ತಂದವರಿಗೆ ನಾನು ಹೇಳುವ ಮೊದಲ ಮಾತು ಎಣಿಸಿ ನೋಡಿ ಎಂದು. ಅ ದಿಂದ ಔ ವರೆಗೆ ಸ್ವರ 13, ಅಂ ಅಃ ಎರಡು ಯೋಗವಾಹ, ಕ ದಿಂದ ಳ ವರೆಗೆ ವ್ಯಂಜನ 34, ಒಟ್ಟು 49. ಕೆಲವು ಹಾಳೆಗಳಲ್ಲಿ ಋ ಪಕ್ಕದಲ್ಲಿ ೠ ಕೂತು 50 ಆಗಿರುತ್ತದೆ, ಅದು ಹಳೆಯ ರೂಢಿ. ಕೆಲವರು ಕೊನೆಗೆ ಕ್ಷ, ತ್ರ, ಜ್ಞ ಸೇರಿಸಿರುತ್ತಾರೆ. ಅವು ವರ್ಣಮಾಲೆಯ ಅಕ್ಷರಗಳಲ್ಲ, ಒತ್ತಕ್ಷರಗಳು. ಒತ್ತು ಎಂದರೇನು ಗೊತ್ತಿಲ್ಲದ ಮಗುವಿಗೆ ಆ ಮೂರು ಆಕಾರಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಅರ್ಥವಿಲ್ಲ. ಒಂದು ಹಾಳೆಯಲ್ಲಂತೂ ಳ ಇರಲೇ ಇಲ್ಲ. ಬೆಳಗಾವಿಯಿಂದ ಬೀದರಿನವರೆಗೆ ಜೋಳ ತಿನ್ನುವ ಮಂದಿಗೆ ಳ ಇಲ್ಲದ ವರ್ಣಮಾಲೆ ಮಾರುವವರಿಗೆ ಏನು ಹೇಳೋಣ!

ಇನ್ನು ಹಾಡಿನ ಕಥೆ. ನಮ್ಮ ಸಣ್ಣಾಂವ ನಾಲ್ಕರಲ್ಲಿದ್ದಾಗಲೇ ಯೂಟ್ಯೂಬ್ ನೋಡಿ ಅ ದಿಂದ ಳ ವರೆಗೆ ಒಂದೇ ಉಸಿರಿನಲ್ಲಿ ಹಾಡುತ್ತಿದ್ದ. ಬಂದವರ ಮುಂದೆಲ್ಲ ಹಾಡಿಸಿದ್ದೇ ಹಾಡಿಸಿದ್ದು. ಹಾಡು ಬೇಡ ಎಂದು ನಾನು ಹೇಳುವುದಿಲ್ಲ. ಖ, ಘ, ಛ, ಝ ಇಂಥ ಮಹಾಪ್ರಾಣಗಳು ನಾಲಿಗೆಗೆ ರೂಢಿಯಾಗಲು ಹಾಡು ಒಳ್ಳೆಯದೇ. ಆದರೆ ಹಾಡುವ ಮಗುವಿಗೆ ಅಕ್ಷರ ಬಂದಿದೆ ಎಂದು ತಿಳಿಯುವುದು ಬೇರೆ ಮಾತು. ಪರೀಕ್ಷೆ ಸುಲಭ. ಚಾರ್ಟಿನ ನಡುವಿನ ಯಾವುದಾದರೂ ಅಕ್ಷರದ ಮೇಲೆ ಬೆರಳಿಟ್ಟು ಇದು ಯಾವುದು ಎಂದು ಕೇಳಿ. ನಮ್ಮವನು ಠ ಮೇಲೆ ಬೆರಳಿಟ್ಟರೆ ಬಾಯೊಳಗೇ ಕ-ಖ-ಗ-ಘ ಎಂದು ಶುರುಮಾಡಿ, ಬೆರಳಿನಿಂದ ಮನೆ ಎಣಿಸುತ್ತ ಬಂದು "ಠ" ಅನ್ನುತ್ತಿದ್ದ. ಅದೇ ಠ ವನ್ನು ಬೇರೆ ಚೀಟಿಯ ಮೇಲೆ ಬರೆದು ತೋರಿಸಿದರೆ ನನ್ನ ಮುಖ ನೋಡುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಠ ಅಲ್ಲ, ಸಾಲಿನಲ್ಲಿ ಠ ಇರುವ ಜಾಗ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಯೂಟ್ಯೂಬ್ ಅಲ್ಲ, ನಮ್ಮ ಓಣಿಯ ಸರ್ಕಾರಿ ಸಾಲಿಯ ಅಕ್ಕೋರು. ಅವರು ಒಂದರಿಂದ ಮೂರನೇ ಇಯತ್ತೆಯ ನಲಿ-ಕಲಿ ಮಕ್ಕಳಿಗೆ ಕಲಿಸುವವರು, ಕಾರ್ಡುಗಳ ಲ್ಯಾಮಿನೇಶನ್‌ಗೆ ನಮ್ಮಲ್ಲಿಗೆ ಬರುತ್ತಾರೆ. ಒಂದು ದಿನ ಅವರ ಕಾರ್ಡು ಜೋಡಿಸುತ್ತಿದ್ದಾಗ ನನಗೆ ಸಾಲು ಹತ್ತಲಿಲ್ಲ. ಅ ಆ ಇ ಈ ಎಲ್ಲಿ ಎಂದರೆ, "ನಮ್ಮಲ್ಲಿ ಅಆಇಈ ಇಂದ ಶುರು ಇಲ್ಲವ್ವಾ, ರ ಗ ಸ ದ ಅ ಇಂದ ಶುರು" ಅಂದರು.

ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ನಮ್ಮ ಮೇಷ್ಟ್ರುಗಳು ಯುನಿಸೆಫ್ ನೆರವಿನೊಂದಿಗೆ ಕಟ್ಟಿದ್ದು. ಅದರ ಅಕ್ಷರಗಳ ಸಾಲಿಗೆ ಒಂದು ಯುಕ್ತಿ ಇದೆ. ಮೊದಲ ಐದೇ ಅಕ್ಷರ ಬಂದರೆ ಸಾಕು, ಮಗು ಓದಲು ಶುರುಮಾಡುತ್ತದೆ: ಸರ, ದರ, ರಸ, ಅರಸ, ಅಗಸ, ಗರಗಸ. ಕೊಂಬಿಲ್ಲ, ಗುಡಸಿಲ್ಲ, ಒತ್ತಿಲ್ಲ. ಮುಂದಿನ ಗುಂಪಿನಲ್ಲಿ ಜ ವ ಮ ಬ ನ. ಆಗ ಜನ, ದನ, ಮಗ, ಬಸವ, ಗಜ. ವರ್ಣಮಾಲೆಯ ಸಾಲು ಹಿಡಿದು ಹೋದರೆ ಸ ಸಿಗುವುದು 47ನೆಯ ಜಾಗದಲ್ಲಿ, ರ 42ನೆಯದರಲ್ಲಿ. ಅಲ್ಲಿಗೆ ಮುಟ್ಟುವ ಮೊದಲು ಮಗು ಙ, ಞ ಎಂಬ ಎರಡು ಅಕ್ಷರ ದಾಟಿ ಬಂದಿರಬೇಕು. ಆ ಎರಡರಿಂದ ಶುರುವಾಗುವ ಒಂದು ಶಬ್ದವನ್ನೂ ಅದು ಇವತ್ತಿನವರೆಗೆ ಕೇಳಿರುವುದಿಲ್ಲ. ವರ್ಣಮಾಲೆಯ ಸಾಲು ವ್ಯಾಕರಣದವರ ಸಾಲು, ಗಂಟಲಿನಿಂದ ತುಟಿಯವರೆಗೆ ಉಚ್ಚಾರದ ಸ್ಥಾನ ಹಿಡಿದು ಬಹಳ ಚಂದ ಜೋಡಿಸಿದ್ದು. ಓದಲು ಕಲಿಯುವವರಿಗೆ ಅದೇ ಸಾಲು ಬೇಕೆಂದೇನಿಲ್ಲ. ಆದರೆ ನಾನು ನೋಡಿದ ವಿಡಿಯೋಗಳಲ್ಲಿ, ಆ್ಯಪ್‌ಗಳಲ್ಲಿ ಬಹುತೇಕ ಎಲ್ಲವೂ ಅ ದಿಂದಲೇ ಶುರು. ಅ ಅರಸ, ಆ ಆನೆ, ಇ ಇಲಿ. ಗ್ರಾಫಿಕ್ಸ್ ಮಾತ್ರ ಒಂದಕ್ಕಿಂತ ಒಂದು ಜೋರು.

ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಸರ್ಕಾರಿ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ. ಪುಸ್ತಕಗಳಲ್ಲಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋನೋ ಚಟುವಟಿಕೆಯೋ ತೆರೆಯುತ್ತದೆ. ಇದು ನನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಮಂದಿಗೆ ಗೊತ್ತಿಲ್ಲ. ಇಂಗ್ಲಿಷ್ ಮೀಡಿಯಂ ಮಕ್ಕಳ ಅಪ್ಪಂದಿರಿಗಂತೂ ಸರ್ಕಾರಿ ಪುಸ್ತಕ ಅಂದರೆ ಒಂದು ಥರ ಅಸಡ್ಡೆ. ದುಡ್ಡು ಕೊಟ್ಟು ಆ್ಯಪ್ ತಗೊಂಡರೆ ಮಾತ್ರ ಕಲಿಸಿದ ಸಮಾಧಾನ.

ರ ಗ ಸ ದ ಅ ಚೀಟಿಗಳನ್ನು ನಾನು ದಪ್ಪ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ತೆಗೆದು ಕತ್ತರಿಸಿಕೊಟ್ಟೆ. ಬಣ್ಣವಿಲ್ಲ, ಚಿತ್ರವಿಲ್ಲ, ಬರೀ ಕರಿ ಅಕ್ಷರ. ಕೌಂಟರಿನ ಕೆಳಗೆ ಕೂತು ಅವುಗಳನ್ನು ಹಿಂದು-ಮುಂದು ಜೋಡಿಸುವುದೇ ಅವನ ಆಟ. 'ದಸಗ' ಅಂತ ಜೋಡಿಸಿ "ಅವ್ವಾ, ಇದು ಏನು?" ಅಂದರೆ "ಏನೂ ಅಲ್ಲ" ಅನ್ನುವುದು, ಅವನಿಗೆ ಅದೂ ನಗುವಿನ ವಿಷಯ. ಹೀಗಿರುವಾಗ ಒಂದು ಸಂಜೆ ಅವನನ್ನು ಕರಕೊಂಡು ನಮ್ಮ ತವರಿಗೆ ಹೋಗಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ವಿಜಯಪುರದ ಬಸ್‌ಸ್ಟ್ಯಾಂಡ್ ಅಂದರೆ ಗೊತ್ತಲ್ಲ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಜಮಖಂಡಿ, ಸೊಲ್ಲಾಪುರ, ಎಲ್ಲ ಕೂಗೂ ಒಟ್ಟಿಗೇ. ಎದುರಿಗೆ ಒಂದು ಬಸ್ಸು ಬಂದು ನಿಂತಿತು. ಸಣ್ಣಾಂವ ನನ್ನ ಸೀರೆ ಎಳೆದು, "ಗ... ದ... ಗ" ಅಂದ. ಆಮೇಲೆ ಕೂಡಿಸಿ "ಗದಗ!" ಅಂದ. ಬಸ್ಸಿನ ಹಣೆಯ ಮೇಲಿನ ಬೋರ್ಡು ಅದು. ಪಕ್ಕದಲ್ಲಿ ನಿಂತಿದ್ದ ಹಿರಿಯರು, "ಹೌದಪ್ಪಾ, ಗದಗಿಂದ ಐತಿ, ಹತ್ತತೀ ಏನು?" ಅಂತ ಅವನನ್ನು ದೊಡ್ಡ ಪ್ರಯಾಣಿಕನ ಹಾಗೆ ಮಾತಾಡಿಸಿದರು.

ಅವತ್ತಿನಿಂದ ನಾನು ಊರುಗಳ ಹೆಸರಿನ ಪಟ್ಟಿ ಮಾಡಿಕೊಂಡೆ. ಎರಡನೇ ಗುಂಪಿನ ಅಕ್ಷರ ಸೇರಿದರೆ ಬಸವನ ಬಾಗೇವಾಡಿಯ 'ಬಸವನ' ಪೂರಾ ಓದಬಹುದು. ಚ, ಡ, ಣ ಬಂದರೆ ಚಡಚಣ. ನಾಲ್ಕು ಅಕ್ಷರ, ಒಂದಕ್ಕೂ ಬಾಲವಿಲ್ಲ, ಕೊಂಬಿಲ್ಲ. ಮೇಲಾಗಿ ಣ ಕ್ಕೆ ಶಬ್ದ ಸಿಗದೆ ಎಲ್ಲ ಚಾರ್ಟಿನವರೂ ಒದ್ದಾಡುವಾಗ ನಮ್ಮ ಜಿಲ್ಲೆಯ ಒಂದು ತಾಲೂಕಿನ ಹೆಸರಿನಲ್ಲೇ ಅದು ಕೂತಿದೆ. ಇಂಥದ್ದನ್ನು ಯಾವ ಆ್ಯಪ್ ಮಾಡುವವರಿಗೂ ಹೊಳೆಯುವುದಿಲ್ಲ. ಹೊಳೆಯಬೇಕೆಂದೂ ಇಲ್ಲ, ಅವರು ಚಡಚಣಕ್ಕೆ ಬಂದಿರುವುದಿಲ್ಲ.

ಇಲ್ಲಿಗೆ ಉಳ್ಳಾಗಡ್ಡಿಯ ಮಾತಿಗೆ ಬರಬಹುದು. ಒಂದು ಆ್ಯಪಿನಲ್ಲಿ ಚಿತ್ರ ತೋರಿಸಿ ಕೆಳಗೆ ಮೂರು ಅಕ್ಷರ ಕೊಡುತ್ತಾರೆ, ಸರಿಯಾದದ್ದನ್ನು ಒತ್ತಬೇಕು. ಕೆಂಪಗಿನ ಗಡ್ಡೆಯ ಚಿತ್ರ ಬಂತು. ಕೆಳಗೆ ಈ, ಉ, ಓ. ಸಣ್ಣಾಂವ ಒಂದು ಕ್ಷಣವೂ ಯೋಚಿಸದೆ ಉ ಒತ್ತಿದ. ಟುಂಯ್ ಎಂದು ಅಳುವ ಸದ್ದು, ಕೆಂಪು ಅಡ್ಡಗೆರೆ. "ಈ ಈರುಳ್ಳಿ" ಅಂತು ಫೋನು. ಅವನು ನನ್ನನ್ನು ನೋಡಿದ. ಒಳಗೆ ಜೋಳ ಹಸನು ಮಾಡುತ್ತಿದ್ದ ನಮ್ಮ ಅತ್ತಿ ಅಲ್ಲಿಂದಲೇ, "ಈರುಳ್ಳಿ ಅಂದ್ರ ಏನವಾ?" ಎಂದರು. ಅತ್ತಿಗೆ ಗೊತ್ತಿಲ್ಲ ಅಂತಲ್ಲ. ಟಿವಿ ನೋಡಿ ಎಲ್ಲ ಗೊತ್ತು. ಮೊಮ್ಮಗನ ಉತ್ತರ ಸರಿಯಿದ್ದೂ ತಪ್ಪಾಯಿತಲ್ಲ ಎಂಬ ಸಿಟ್ಟು ಅದು.

ಆಮೇಲೆ ಗಮನವಿಟ್ಟು ನೋಡಿದರೆ ಇಂಥವು ಸಾಲುಸಾಲು. ಹ ಹಸು. ನಮ್ಮವನಿಗೆ ಅದು ಆಕಳ, ಅಂದರೆ ಆ. ನ ನಲ್ಲಿ. ನಮ್ಮಲ್ಲಿ ನಳ, ಪುಣ್ಯಕ್ಕೆ ಅಕ್ಷರ ಅದೇ. ಬ ಬಟ್ಟೆ. ನಮ್ಮಲ್ಲಿ ಅರಿವಿ. ತ ತಟ್ಟೆ. ನಮ್ಮಲ್ಲಿ ತಾಟು. ಪುಸ್ತಕದ ಕನ್ನಡ ಮಗುವಿಗೆ ಬೇಡ ಎಂದು ನಾನು ಹೇಳುತ್ತಿಲ್ಲ, ಆರು ವರ್ಷಕ್ಕೋ ಏಳು ವರ್ಷಕ್ಕೋ ಅದು ಬರಲೇಬೇಕು, ಬರುತ್ತದೆ. ಆದರೆ ಅಕ್ಷರ ಕಲಿಸುವ ಹೊತ್ತಿನಲ್ಲಿ ಚಿತ್ರದ ಕೆಲಸ ಒಂದೇ: ನೋಡಿದ ಕೂಡಲೇ ಬಾಯಿಗೆ ಶಬ್ದ ಬರಬೇಕು, ಶಬ್ದದ ಮೊದಲ ಸದ್ದು ಅಕ್ಷರಕ್ಕೆ ಅಂಟಬೇಕು. ಶಬ್ದವೇ ಹೊಸದಾದರೆ ಮಗುವಿಗೆ ಒಟ್ಟಿಗೇ ಎರಡು ಪಾಠ.

ಹಾಗಾಗಿ ಚಾರ್ಟನ್ನು ನಾವೇ ಮಾಡಿದೆವು. ನಮ್ಮ ದೊಡ್ಡಾಕಿ ನಾಲ್ಕನೇ ಇಯತ್ತೆ, ಅವಳ ಕೈಗೆ ಮೊಬೈಲ್ ಕೊಟ್ಟು ಮನೆಯೊಳಗಿನ ಸಾಮಾನು ಫೋಟೋ ತೆಗಿ ಎಂದೆ. ಅ ಅರಿವಿ, ದಡಿಯ ಮೇಲೆ ಒಣಹಾಕಿದ್ದು. ಆ ಆಕಳ, ಎದುರು ಮನೆಯವರದು. ಉ ಉಳ್ಳಾಗಡ್ಡಿ. ಒ ಒಲಿ. ಔ ಔಡಲ, ಇದಕ್ಕೆ ಅತ್ತಿ ಊರಿನ ಹೊಲದಿಂದ ಕಾಯಿ ತರಿಸಿದರು. ಚ ಚರಗಿ. ಡ ಡಬರಿ. ಧ ಧೋತರ, ಮಾವನವರದು, ಅವರು ಉಟ್ಟುಕೊಂಡೇ ನಿಂತಿದ್ದಾರೆ, ಮುಖ ಬಿಗಿದುಕೊಂಡು. ಝ ಕ್ಕೆ ಎಲ್ಲ ಚಾರ್ಟಿನಲ್ಲೂ ಝರಿ ಇರುತ್ತದೆ. ನಮ್ಮೂರಿನ ಮಗು ಝರಿ ಎಲ್ಲಿ ನೋಡಬೇಕು? ನಾವು ಝುಣಕ ಇಟ್ಟೆವು, ಪಕ್ಕಕ್ಕೆ ಒಂದು ರೊಟ್ಟಿ. ಕಟ್ಟುನಿಟ್ಟಾಗಿ ನೋಡಿದರೆ ಅದು ಝು, ಝ ಅಲ್ಲ, ಗೊತ್ತು. ಆದರೆ ಆ ಒಂದು ಅಕ್ಷರವನ್ನು ಅವನು ಇವತ್ತಿನವರೆಗೆ ಮರೆತಿಲ್ಲ. ಋ ಕ್ಕೆ ಮಾತ್ರ ಮನೆಯಲ್ಲಿ ಏನೂ ಸಿಗಲಿಲ್ಲ. ಕ್ಯಾಲೆಂಡರಿನಲ್ಲಿದ್ದ ಗಡ್ಡದ ಋಷಿಯನ್ನೇ ಹಿಡಿದು ಕೂಡಿಸಿದೆವು.

ಪ್ರತಿ ಅಕ್ಷರಕ್ಕೂ ಅತ್ತಿಯ ದನಿ. ಫೋನಿನ ರೆಕಾರ್ಡರಿನಲ್ಲಿ ಅವರು "ಚ... ಚರಗಿ" ಎಂದು ಹೇಳಿದ್ದನ್ನು ಒಂದೊಂದೇ ಫೈಲಾಗಿ ಉಳಿಸಿದೆ. ಮೊದಲ ದಿನ ಫೋನ್ ಕಂಡು ಅತ್ತಿಯ ದನಿ ರೇಡಿಯೋ ವಾರ್ತೆಯ ಹಾಗಾಗಿತ್ತು. ಎರಡನೇ ದಿನಕ್ಕೆ ಸರಿಹೋಯಿತು, ಹಿಂದೆ ಕುಕ್ಕರಿನ ಸೀಟಿಯೂ ಕೇಳುತ್ತದೆ. ಚಿತ್ರ, ಅಕ್ಷರ, ದನಿ ಸೇರಿಸಿ ಸ್ಲೈಡು ಮಾಡುವುದು ಪ್ರೆಸೆಂಟೇಶನ್ ಬಲ್ಲ ಯಾರಿಗಾದರೂ ಅರ್ಧ ದಿನದ ಕೆಲಸ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ನಮ್ಮ ಅಂಗಡಿಯ ಪಕ್ಕ ಟೇಲರ್ ಅಂಗಡಿ. ಅವರ ಮನೆಯ ಮಾತು ದಖನಿ. ಮಗಳನ್ನು ಕನ್ನಡ ಸಾಲಿಗೆ ಹಚ್ಚಿದ್ದಾರೆ. ಅವರಿಗೆ ನಮ್ಮ ಚಾರ್ಟು ಕೊಟ್ಟರೆ ಆ ಹುಡುಗಿ ಉಳ್ಳಾಗಡ್ಡಿ ನೋಡಿ "ಪ್ಯಾಜ್" ಅಂದಳು. ಅಂದರೆ ಅವಳ ಲೆಕ್ಕದಲ್ಲಿ ಅದು ಪ. ಸೊಲ್ಲಾಪುರದ ಕಡೆಯ ಮರಾಠಿ ಮಂದಿಗೆ ಅದೇ ಕಾಂದಾ, ಕ. ಟೇಲರ್ ಮನೆಯಲ್ಲಿ ಅವ್ವನಿಗೂ ಅಪ್ಪನಿಗೂ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಇಂಥಲ್ಲಿ ವಿಡಿಯೋದಷ್ಟು ಉಪಕಾರಿ ಇನ್ನೊಂದಿಲ್ಲ. "ಅಕ್ಕಾರ, ನಮಗ ಹೇಳಿಕೊಡಾಕ ಬರಂಗಿಲ್ಲ, ಫೋನೇ ಹೇಳಬೇಕು" ಎಂದು ಆ ತಾಯಿ ಅಂದಾಗ ನನ್ನ ಹತ್ತಿರ ವಾದ ಇರಲಿಲ್ಲ. ನಿಧಾನವಾಗಿ ಹೇಳುವ, ಒಂದು ಅಕ್ಷರವನ್ನು ಪರದೆಯ ಮೇಲೆ ಸಾಕಷ್ಟು ಹೊತ್ತು ನಿಲ್ಲಿಸುವ, ಹಿಂದೆ ಡೋಲು ಬಡಿಯದ ಒಂದೆರಡು ವಿಡಿಯೋ ಹುಡುಕಿ ಇಳಿಸಿಕೊಟ್ಟೆ. ಅವ್ವ-ಮಗಳು ಇಬ್ಬರೂ ಕೂತು ನೋಡುತ್ತಾರೆ. ಅವ್ವನಿಗೆ ಈಗ ರೇಶನ್ ಅಂಗಡಿಯ ಬೋರ್ಡು ಓದಲು ಬರುತ್ತಿದೆ.

ಬರೆಯುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಚುಕ್ಕಿಗಳ ಮೇಲೆ ಬೆರಳಾಡಿಸುವ ಟ್ರೇಸಿಂಗ್ ಆ್ಯಪ್‌ಗಳನ್ನು ನೋಡಿದ್ದೇನೆ. ಮಗು ಅಕ್ಷರದ ಮೇಲೆ ಹೇಗೆ ಗೀಚಿದರೂ, ಬಾಲದಿಂದ ತಲೆಗೆ ಬಂದರೂ, ದಾರಿ ತುಂಬಿದರೆ ಸಾಕು ನಕ್ಷತ್ರ ಉದುರುತ್ತವೆ, ಚಪ್ಪಾಳೆ. ನಮ್ಮವನು ಅಂಗೈಯಿಂದ ಒರೆಸಿ ನಕ್ಷತ್ರ ಗಳಿಸುವುದನ್ನು ಕಂಡುಹಿಡಿದ. ಅದಕ್ಕಿಂತ ಛಲೋ ಉಪಾಯ ಒಂದಿದೆ, ಪುಕ್ಕಟೆಯದು. ಗೂಗಲ್‌ನ ಜಿಬೋರ್ಡ್ ಎಂಬ ಟೈಪಿಂಗ್ ಆ್ಯಪಿನಲ್ಲಿ ಕನ್ನಡಕ್ಕೆ ಕೈಬರಹದ ಕೀಲಿಮಣೆ ಇದೆ. ಬೆರಳಿನಿಂದ ಬರೆದರೆ ಅದು ಯಾವ ಅಕ್ಷರ ಎಂದು ಫೋನು ಊಹಿಸುತ್ತದೆ. ಇಲ್ಲಿ ನಕ್ಷತ್ರವಿಲ್ಲ, ಚಪ್ಪಾಳೆ ಇಲ್ಲ. ಫೋನಿಗೆ ತಿಳಿದರೆ ತಿಳಿಯಿತು, ಇಲ್ಲದಿದ್ದರೆ ಇಲ್ಲ. ಸಣ್ಣಾಂವ ರ ಬರೆಯಲು ಹೋಗಿ ದುಂಡಗೆ ಸುತ್ತಿ ಬಿಟ್ಟ. ಫೋನು ಸೊನ್ನೆ ಕೊಟ್ಟಿತು. ಮತ್ತೆ ಬರೆದ, ಮತ್ತೆ ಸೊನ್ನೆ. ತಲಕಟ್ಟು ಎಳೆದ ಮೇಲೆ ರ ಬಂತು. ತಲಕಟ್ಟು ಯಾಕೆ ಬೇಕು ಎಂದು ನಾನು ಎಷ್ಟು ಹೇಳಿದರೂ ತಲೆಗೆ ಹೋಗದ್ದು ಅವತ್ತು ಹೋಯಿತು.

ಆದರೂ ಫೋನಿನ ಗಾಜು ಜಾರುತ್ತದೆ, ಬೆರಳಿಗೆ ತಡೆ ಇಲ್ಲ. ಪೆನ್ಸಿಲ್ ಹಿಡಿಯುವ ಬಲ ಕೈಗೆ ಅದರಿಂದ ಬರುವುದಿಲ್ಲ. ನಮ್ಮ ಅತ್ತಿಯ ಅಪ್ಪ ಹಳ್ಳಿಯ ಗಾಂವಠಿ ಸಾಲಿಯಲ್ಲಿ ಉಸುಕಿನ ಮೇಲೆ ಬೆರಳಿನಿಂದ ತಿದ್ದಿ ಕಲಿತವರಂತೆ. ನಾವು ಅಷ್ಟು ಹಿಂದೆ ಹೋಗಲಿಲ್ಲ, ಪಾಟಿಗೆ, ಅಂದರೆ ಸ್ಲೇಟಿಗೆ, ಹೋದೆವು. ಪಾಟಿ-ಬಳಪ ಈಗಲೂ ಸಿಗುತ್ತವೆ. ಅತ್ತಿ ಪಾಟಿಯ ಮೇಲೆ ಅಕ್ಷರಗಳನ್ನು ಕಲಿಸುವ ರೀತಿಯೇ ಬೇರೆ, ಆಕಾರದ ನಂಟಿನ ಮೇಲೆ. ರ ಬರಿ. ಅದರ ಹೊಟ್ಟ್ಯಾಗ ಚುಕ್ಕಿ ಇಡು, ಠ ಆತು. ಪ ಬರಿ, ಹೊಟ್ಟ್ಯಾಗ ಗೆರಿ ಎಳಿ, ಷ ಆತು. ದ ಬರಿ, ಬುಡಕ್ಕ ಒಂದು ಸೀಳು ಹಾಕು, ಧ ಆತು. ಡ ಕ್ಕ ಹಂಗ ಹಾಕು, ಢ ಆತು. ಬ-ಭ, ಚ-ಛ, ಪ-ಫ ಎಲ್ಲಕ್ಕೂ ಅದೇ ಸೀಳು. ಹಾಡಿನಲ್ಲಿ ಎಣಿಸಿಕೊಂಡು ಮುಟ್ಟಬೇಕಿದ್ದ ಠ ವನ್ನು ಅವನು ಈಗ "ಚುಕ್ಕಿ ರ" ಎಂದು ಎಲ್ಲಿ ಕಂಡರೂ ಗುರುತಿಸುತ್ತಾನೆ. ಹೆಸರು ಠ ಎಂಬುದು ಒಂದು ಕ್ಷಣ ತಡವಾಗಿ ಬಾಯಿಗೆ ಬರುತ್ತದೆ, ಬರಲಿ.

ಓದುವ ಸಾಮಗ್ರಿಯ ಬಗ್ಗೆ ಕೇಳುವವರಿಗೆ ನಾನು ಹೇಳುವುದು ಸ್ಟೋರಿವೀವರ್. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ತಾಣ. ಕನ್ನಡದ ಚಿತ್ರಕಥೆಗಳು ಬಹಳ ಇವೆ, ಓದಿನ ಹಂತಕ್ಕೆ ತಕ್ಕಂತೆ 1, 2, 3, 4 ಎಂದು ವಿಂಗಡಿಸಿದ್ದಾರೆ. ಒಂದನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು. ಝೆರಾಕ್ಸ್ ಅಂಗಡಿಯವಳಾಗಿ ನನಗೆ ಮುಖ್ಯವಾದ ಸಂಗತಿ ಬೇರೆ: ಅಲ್ಲಿಯ ಪುಸ್ತಕಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯವು, ಇಳಿಸಿಕೊಂಡು ಪ್ರಿಂಟ್ ಹಾಕಲು ಯಾರ ಅಪ್ಪಣೆಯೂ ಬೇಡ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಪೂರ್ತಿ ಝೆರಾಕ್ಸ್ ಮಾಡಿಕೊಡು ಎಂದು ಬರುವವರಿಗೆ ನಾನು ಇಲ್ಲ ಅನ್ನುತ್ತೇನೆ. ಅವರಿಗೆ ಇದನ್ನು ತೋರಿಸಬಹುದು. ಕಪ್ಪು-ಬಿಳುಪಿನಲ್ಲಿ ತೆಗೆದು, ನಡುವೆ ಮಡಚಿ, ಎರಡು ಪಿನ್ನು ಹೊಡೆದರೆ ಮೂವತ್ತು ರೂಪಾಯಿ ಒಳಗೆ ಪುಸ್ತಕ. ಬಣ್ಣ ಮಗುವೇ ತುಂಬಲಿ. ಅಲ್ಲಿಯ ಕೆಲವು ಅನುವಾದಗಳ ಕನ್ನಡ ನನಗೆ ಒಗ್ಗುವುದಿಲ್ಲ, ಅದಕ್ಕೇ ಪ್ರಿಂಟ್ ಹಾಕುವ ಮೊದಲು ಒಮ್ಮೆ ಪೂರ್ತಿ ಓದಿಕೊಳ್ಳುತ್ತೇನೆ.

ಎಷ್ಟು ಹೊತ್ತು ಫೋನ್ ಕೊಡಬೇಕು ಎಂಬ ಪ್ರಶ್ನೆ ಎಲ್ಲರದೂ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು. ನಮ್ಮಲ್ಲಿ ತಾಸಿನ ಜಗಳಕ್ಕಿಂತ ಮುಂದಿನ ವಿಡಿಯೋದ ಜಗಳ ದೊಡ್ಡದು. ಅ ಅರಸ ಮುಗಿದ ಕೂಡಲೇ ತಾನಾಗಿಯೇ ಎ ಫಾರ್ ಆ್ಯಪಲ್, ಅದಾದ ಮೇಲೆ ಯಾರೋ ಆಟಿಗೆಯ ಡಬ್ಬಿ ಬಿಚ್ಚುವುದು, ಅಲ್ಲಿಂದ ಎಲ್ಲಿಗೋ. ಅದಕ್ಕೆ ನಾನು ಬೇಕಾದ ವಿಡಿಯೋ ಇಳಿಸಿಟ್ಟು, ಏರೋಪ್ಲೇನ್ ಮೋಡ್ ಹಾಕಿ ಕೊಡುತ್ತೇನೆ. ಯೂಟ್ಯೂಬ್ ಕಿಡ್ಸ್ ಆ್ಯಪಿನಲ್ಲಿ ದೊಡ್ಡವರು ಆರಿಸಿದ್ದಷ್ಟೇ ಕಾಣುವ ಹಾಗೆ ಕಟ್ಟಿಡುವ ಸೆಟ್ಟಿಂಗ್ ಇದೆ, ಹುಡುಕಾಟವನ್ನೂ ಮುಚ್ಚಬಹುದು. ಅಂಗಡಿಗೆ ಬಂದವರಿಗೆ ಅದನ್ನು ಮಾಡಿಕೊಡಲು ನಾನು ದುಡ್ಡು ತಗೊಳ್ಳುವುದಿಲ್ಲ.

ಈಗ ನಾವು ಬಳ್ಳಿಯ ಬಾಗಿಲಲ್ಲಿದ್ದೇವೆ. ದಕ್ಷಿಣದ ಕಡೆಯವರು ಕಾಗುಣಿತ ಅನ್ನುವುದಕ್ಕೆ ನಮ್ಮ ಅತ್ತಿ ಬಳ್ಳಿ ಅನ್ನುತ್ತಾರೆ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಸು ಕಿ ಎಂದು ರಾಗವಾಗಿ ಹೇಳಿಸಬೇಕೆಂಬುದು ಅವರ ಹಟ. ಅಕ್ಕೋರು ಹಾಗೆ ಬೇಡ, ಒಂದೇ ಗುರುತನ್ನು ಹಿಡಿದು ಗೊತ್ತಿರುವ ಅಕ್ಷರಕ್ಕೆಲ್ಲ ಹಚ್ಚಿ ಓದಿಸಿ ಅನ್ನುತ್ತಾರೆ: ಸರ ಇದ್ದದ್ದು ಸಾರ, ದರ ಇದ್ದದ್ದು ದಾರ, ಬರ ಇದ್ದದ್ದು ಬಾರ. ನನಗೆ ಅಕ್ಕೋರ ಮಾತು ಸರಿ ಅನ್ನಿಸುತ್ತದೆ, ಆದರೆ ಅತ್ತಿಯ ರಾಗಕ್ಕೆ ಅವನು ಕಿವಿ ಕೊಡುವಷ್ಟು ನನ್ನ ಚೀಟಿಗಳಿಗೆ ಕೊಡುವುದಿಲ್ಲ. ಬೆಳಿಗ್ಗೆ ರಾಗ, ಸಂಜೆ ಅಂಗಡಿಯಲ್ಲಿ ಚೀಟಿ ಎಂದು ಸದ್ಯಕ್ಕೆ ಒಪ್ಪಂದವಾಗಿದೆ. ಆನ್‌ಲೈನಿನಲ್ಲಿ ಬಳ್ಳಿಗೆ ಒಳ್ಳೆಯ ಸಾಮಗ್ರಿ ನನಗಿನ್ನೂ ಸಿಕ್ಕಿಲ್ಲ. ಸಿಗುವುದೆಲ್ಲ ಒಂದೇ ಹಾಳೆಯಲ್ಲಿ ಇರುವೆ ಗಾತ್ರದ ಅಕ್ಷರ ತುರುಕಿದ ದೊಡ್ಡ ಕೋಷ್ಟಕ. ಅಕ್ಷರ ಒಂದು ಬಣ್ಣ, ಗುಡಸು-ಕೊಂಬು ಇನ್ನೊಂದು ಬಣ್ಣದಲ್ಲಿರುವ ಹಾಳೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ. ಇಲ್ಲದಿದ್ದರೆ ದಸರಾ ರಜೆಯಲ್ಲಿ ದೊಡ್ಡಾಕಿಯನ್ನು ಕೂಡಿಸಿಕೊಂಡು ನಾನೇ ಮಾಡುತ್ತೇನೆ. ನಮ್ಮ ಚಾರ್ಟು ಬೇಕಾದವರು ಪೆನ್‌ಡ್ರೈವ್ ತರಬಹುದು, ಚಿತ್ರಗಳನ್ನು ಬದಲಾಯಿಸಲು ಬರುವ ಹಾಗೆ ಫೈಲನ್ನು ಬಿಚ್ಚಿಯೇ ಇಟ್ಟಿದ್ದೇನೆ. ಮಾವನವರ ಧೋತರದ ಫೋಟೋ ಮಾತ್ರ ಅದರಲ್ಲಿ ಇರುವುದಿಲ್ಲ, ಅವರು ಬೇಡ ಅಂದಿದ್ದಾರೆ.